ಮೆನುವಿನಿಂದ ತೆಗೆದರೆ ಕಮಾಂಡ್ ನಿಲ್ಲುವುದಿಲ್ಲ: ಲಿಬ್ರೆಆಫೀಸ್‌ನಲ್ಲಿ ಎಕ್ಸ್‌ಟೆನ್ಷನ್ ಮೂಲಕ ನಿರ್ಬಂಧ ಹಾಕುವ ಬಗೆ

ಪ್ರಶ್ನೆ: ನಾನು ಗದಗ ತಾಲ್ಲೂಕಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಹಿರಿಯ ಗುಮಾಸ್ತ. ನಮ್ಮಲ್ಲಿ ಎಂಟು ಕಂಪ್ಯೂಟರುಗಳಿವೆ. ಏಳರಲ್ಲಿ ಲಿಬ್ರೆಆಫೀಸ್ ಇದೆ, ವ್ಯವಸ್ಥಾಪಕರ ಒಂದರಲ್ಲಿ ಮಾತ್ರ ಮೈಕ್ರೊಸಾಫ್ಟ್ ಆಫೀಸ್. ಸದಸ್ಯರ ಯಾದಿ ಮತ್ತು ಸಾಲದ ಬಾಕಿ ಪಟ್ಟಿಗಳು ಕ್ಯಾಲ್ಕ್ ಹಾಳೆಗಳಲ್ಲಿವೆ. ಸಿಬ್ಬಂದಿ ಒಂದೇ ಫೈಲನ್ನು ಬೇರೆ ಬೇರೆ ಹೆಸರಿನಲ್ಲಿ ಉಳಿಸುತ್ತಾರೆ, ಆದ್ದರಿಂದ ಯಾವುದು ಸರಿಯಾದ ಪ್ರತಿ ಎಂಬುದೇ ತಿಳಿಯದಂತಾಗಿದೆ. ಯಾದಿಯ ಮುದ್ರಿತ ಪ್ರತಿಯೊಂದು ಸಂಘದ ಹೊರಗೂ ಹೋಗಿದೆ. ಕಂಪ್ಯೂಟರ್ ದುರಸ್ತಿಯವರು ಮೆನುವಿನಿಂದ ಪ್ರಿಂಟ್ ಮತ್ತು ಸೇವ್ ಆ್ಯಸ್ ತೆಗೆದುಕೊಟ್ಟರು. ಆದರೂ ಕಂಟ್ರೋಲ್ ಜೊತೆ ಪಿ ಒತ್ತಿದರೆ ಮುದ್ರಣವಾಗುತ್ತಲೇ ಇದೆ. ಎಕ್ಸ್‌ಟೆನ್ಷನ್ (ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ತುಣುಕು) ಹಾಕಿ ಕಮಾಂಡುಗಳನ್ನೇ ನಿರ್ಬಂಧಿಸಬಹುದು ಎಂದು ಕೇಳಿದ್ದೇನೆ. ಅದು ನಿಜವೇ? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ವ್ಯವಸ್ಥಾಪಕರಿಗೆ ಮತ್ತು ಕಾರ್ಯದರ್ಶಿಗೆ ಮಾತ್ರ ಮುದ್ರಣ ಬಿಟ್ಟುಕೊಡಲು ಸಾಧ್ಯವೇ?

ಉತ್ತರ: ನಿಜ, ಎಕ್ಸ್‌ಟೆನ್ಷನ್ ಮೂಲಕ ಕಮಾಂಡುಗಳನ್ನು ನಿರ್ಬಂಧಿಸಬಹುದು, ಮತ್ತು ಅದು ದುರಸ್ತಿಯವರು ಮಾಡಿಕೊಟ್ಟ ಕೆಲಸಕ್ಕಿಂತ ಬಹಳ ಗಟ್ಟಿಯಾದ ಕ್ರಮ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಒಂದೇ ಫೈಲಿಗೆ ಹತ್ತು ಪ್ರತಿಗಳಾಗುವುದು ಅಭ್ಯಾಸದಿಂದ, ಅವಸರದಿಂದ ಆಗುವ ತಪ್ಪು. ಕಮಾಂಡ್ ನಿರ್ಬಂಧ ಅದಕ್ಕೆ ಬಹಳ ಒಳ್ಳೆಯ ಮದ್ದು. ಸದಸ್ಯರ ಯಾದಿ ಹೊರಗೆ ಹೋಗುವುದು ಬೇರೆ ಜಾತಿಯ ತೊಂದರೆ. ಬೇಕೆಂದೇ ಒಯ್ಯುವವರನ್ನು ತಡೆಯುವ ಶಕ್ತಿ ಈ ನಿರ್ಬಂಧಕ್ಕೆ ಇಲ್ಲ. ಈ ಎರಡನ್ನು ಬೇರ್ಪಡಿಸಿಕೊಳ್ಳದೆ ಕೆಲಸಕ್ಕೆ ಕೈ ಹಾಕಿದರೆ, ಬೀಗ ಹಾಕಿದ್ದೇವೆಂಬ ಧೈರ್ಯದಲ್ಲಿ ಕದ ತೆರೆದಿಟ್ಟು ಮಲಗಿದಂತಾಗುತ್ತದೆ.

ಮೊದಲು, ಕಂಟ್ರೋಲ್-ಪಿ ಏಕೆ ಕೆಲಸ ಮಾಡುತ್ತಿದೆ ಎಂಬುದನ್ನು ನೋಡೋಣ. ಲಿಬ್ರೆಆಫೀಸ್‌ನಲ್ಲಿ ಮೆನುವಿನ ಸಾಲು, ಟೂಲ್‌ಬಾರಿನ ಗುಂಡಿ, ಕೀಬೋರ್ಡಿನ ಶಾರ್ಟ್‌ಕಟ್, ಬಲಗುಂಡಿ ಒತ್ತಿದಾಗ ಬರುವ ಪಟ್ಟಿ ಇವು ಯಾವುವೂ ಸ್ವತಃ ಕೆಲಸ ಮಾಡುವುದಿಲ್ಲ. ಅವೆಲ್ಲವೂ ಒಂದು ಕಮಾಂಡಿನ ಹೆಸರನ್ನು ಒಳಗೆ ಕಳುಹಿಸುತ್ತವೆ ಅಷ್ಟೆ. ಚುಕ್ಕೆಯಿಂದ ಆರಂಭವಾಗಿ ‘ಯುನೊ’ ಎಂಬ ಪೂರ್ವಪದ, ಅದರ ಮುಂದೆ ಕೋಲನ್ ಚಿಹ್ನೆ, ಆಮೇಲೆ ‘ಪ್ರಿಂಟ್’, ‘ಸೇವ್ ಆ್ಯಸ್’, ‘ಕಾಪಿ’ ಮುಂತಾದ ಹೆಸರು. ಇದು ಕಮಾಂಡಿನ ವಿಳಾಸ. ನಮ್ಮ ಕಚೇರಿಗಳ ಆವಕ-ಜಾವಕ ಶಾಖೆಯನ್ನು ನೆನಪಿಸಿಕೊಳ್ಳಿ: ಪತ್ರ ಅಂಚೆಯಲ್ಲಿ ಬರಲಿ, ಯಾರೋ ಕೈಯಲ್ಲಿ ತಂದುಕೊಡಲಿ, ದಾಖಲಾಗುವುದು ಒಂದೇ ಪುಸ್ತಕದಲ್ಲಿ. ಹಾಗೆಯೇ ಯಾವ ದಾರಿಯಿಂದ ಬಂದ ಕಮಾಂಡೂ ಕಿಟಕಿಯ ಒಳಗಿನ ‘ಫ್ರೇಮ್’ ಎಂಬ ಭಾಗಕ್ಕೆ ತಲುಪಿ, ‘ಈ ಹೆಸರಿನ ಕೆಲಸವನ್ನು ಯಾರು ಮಾಡುತ್ತಾರೆ?’ ಎಂದು ವಿಚಾರಿಸುತ್ತದೆ. ಈ ವಿಚಾರಣೆಗೆ ‘ಕ್ವೆರಿ ಡಿಸ್ಪ್ಯಾಚ್’ ಎಂದು ಹೆಸರು. ಮೆನುವಿನ ಸಾಲನ್ನು ಅಳಿಸಿದಾಗ ಒಂದು ದಾರಿ ಮಾತ್ರ ಮುಚ್ಚಿತು. ವಿಚಾರಿಸುವ ಜಾಗ ಎಂದಿನಂತೆ ತೆರೆದೇ ಇತ್ತು. ನಿಮ್ಮ ದುರಸ್ತಿಯವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ಜಾಗದಲ್ಲಿ ಅವರು ಕೆಲಸ ಮಾಡಿದರು, ಆದರೆ ನಿರ್ಬಂಧ ಹಾಕಬೇಕಾದ ಜಾಗ ಅದಲ್ಲ.

ಆ ಜಾಗದಲ್ಲಿ ನಿರ್ಬಂಧ ಹಾಕಲು ತಂತ್ರಾಂಶದಲ್ಲೇ ಒಂದು ಏರ್ಪಾಡಿದೆ. ಸನ್ ಕಂಪನಿಯು 2000ದಲ್ಲಿ ಮೂಲಸಂಕೇತವನ್ನು ಸಾರ್ವಜನಿಕಗೊಳಿಸಿದ ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದು ಬೆಳೆದದ್ದು ಲಿಬ್ರೆಆಫೀಸ್. ಆ ಮೂಲದಿಂದಲೇ ಬಂದ ಸಂರಚನಾ ವೃಕ್ಷದಲ್ಲಿ (ತಂತ್ರಾಂಶದ ಎಲ್ಲ ಆಯ್ಕೆಗಳನ್ನು ಕವಲು ಕವಲಾಗಿ ಜೋಡಿಸಿಟ್ಟ ಜಾಗದಲ್ಲಿ) ‘ಕಮಾಂಡ್ಸ್’ ಎಂಬ ವಿಭಾಗ, ಅದರೊಳಗೆ ‘ಎಕ್ಸಿಕ್ಯೂಟ್’, ಅದರೊಳಗೆ ‘ಡಿಸೇಬಲ್ಡ್’ ಎಂಬ ಪಟ್ಟಿ ಇದೆ. ಯಾವ ಕಮಾಂಡಿನ ಹೆಸರು ಈ ಪಟ್ಟಿಯಲ್ಲಿದೆಯೋ ಅದರ ಬಗ್ಗೆ ಫ್ರೇಮನ್ನು ವಿಚಾರಿಸಿದಾಗ ‘ಈ ಕೆಲಸ ಮಾಡುವವರು ಯಾರೂ ಇಲ್ಲ’ ಎಂಬ ಖಾಲಿ ಉತ್ತರ ಬರುತ್ತದೆ. ಮೆನುವಿನಲ್ಲಿ ಆ ಸಾಲು ಮರೆಯಾಗುತ್ತದೆ ಇಲ್ಲವೆ ಮಸುಕಾಗುತ್ತದೆ, ಗುಂಡಿ ಸ್ಪಂದಿಸುವುದಿಲ್ಲ, ಶಾರ್ಟ್‌ಕಟ್ ಒತ್ತಿದರೆ ಏನೂ ಆಗುವುದಿಲ್ಲ. ಸ್ಥಾಪಿಸಿದ ಹೊಸ ತಂತ್ರಾಂಶದಲ್ಲಿ ಈ ಪಟ್ಟಿ ಖಾಲಿಯಾಗಿರುತ್ತದೆ. ಅದನ್ನು ತುಂಬುವುದೇ ನೀವು ಕೇಳಿದ ಎಕ್ಸ್‌ಟೆನ್ಷನ್ನಿನ ಕೆಲಸ.

ಎಕ್ಸ್‌ಟೆನ್ಷನ್ ಎಂದೊಡನೆ ದೊಡ್ಡ ಪ್ರೋಗ್ರಾಮ್ ಬರೆಯಬೇಕೆಂದು ಅಂಜಬೇಕಾಗಿಲ್ಲ. ಪಟ್ಟಿಯನ್ನು ತುಂಬುವಷ್ಟೇ ಉದ್ದೇಶವಿದ್ದರೆ ಅದರಲ್ಲಿ ಒಂದು ಸಾಲೂ ಪ್ರೋಗ್ರಾಮ್ ಇರುವುದಿಲ್ಲ. ಎಕ್ಸ್‌ಟೆನ್ಷನ್ ಎಂಬುದು ‘ಒಎಕ್ಸ್‌ಟಿ’ ಎಂಬ ಬಾಲಂಗೋಚಿಯುಳ್ಳ ಒಂದು ಜಿಪ್ ಫೈಲ್. ಅದರೊಳಗೆ ಮೂರು ಪಠ್ಯ ಫೈಲುಗಳು ಸಾಕು. ಮೊದಲನೆಯದು, ಎಕ್ಸ್‌ಟೆನ್ಷನ್ನಿನ ಗುರುತು ಮತ್ತು ಆವೃತ್ತಿ ಸಂಖ್ಯೆಯನ್ನು ಹೇಳುವ ‘ಡಿಸ್ಕ್ರಿಪ್ಷನ್’ ಫೈಲ್. ಎರಡನೆಯದು, ‘ಮೆಟಾ-ಇನ್ಫ್’ ಎಂಬ ಫೋಲ್ಡರಿನೊಳಗಿನ ‘ಮ್ಯಾನಿಫೆಸ್ಟ್’; ಜಿಪ್‌ನಲ್ಲಿರುವ ಯಾವ ಫೈಲು ಯಾವ ಬಗೆಯದು ಎಂದು ತಿಳಿಸುವುದು ಇದರ ಕೆಲಸ, ಮತ್ತು ನಮ್ಮ ಪಟ್ಟಿಯ ಫೈಲು ಸಂರಚನಾ ದತ್ತಾಂಶ ಎಂಬುದನ್ನು ಇದರಲ್ಲಿ ಬರೆಯದಿದ್ದರೆ ಲಿಬ್ರೆಆಫೀಸ್ ಅದರತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಮೂರನೆಯದು ‘ಎಕ್ಸ್‌ಸಿಯು’ ಬಾಲಂಗೋಚಿಯ ಸಂರಚನಾ ಫೈಲ್. ನಿಜವಾದ ಪಟ್ಟಿ ಇರುವುದು ಇಲ್ಲಿ. ಇವನ್ನು ಸಾಧಾರಣ ನೋಟ್‌ಪ್ಯಾಡಿನಲ್ಲಿ ಬರೆಯಬಹುದು.

ಈ ಮೂರನೆಯ ಫೈಲಿನ ವಿಷಯದಲ್ಲಿ ನಿಧಾನವಾಗಿ ಹೋಗಬೇಕು, ಏಕೆಂದರೆ ತಪ್ಪುಗಳೆಲ್ಲ ಆಗುವುದು ಇಲ್ಲಿಯೇ. ಪಟ್ಟಿಯ ಪ್ರತಿಯೊಂದು ನಮೂದಿಗೂ ಒಂದು ಗುರುತಿನ ಹೆಸರು ಮತ್ತು ‘ಕಮಾಂಡ್’ ಎಂಬ ಒಂದು ಮೌಲ್ಯ ಇರುತ್ತವೆ. ಗುರುತಿನ ಹೆಸರನ್ನು ನೀವೇ ಇಡಬೇಕು, ಆದರೆ ಅದು ಇಡೀ ಪಟ್ಟಿಯಲ್ಲಿ ಬೇರೆ ಯಾರಿಗೂ ಇಲ್ಲದ ಹೆಸರಾಗಿರಬೇಕು. ಎರಡು ಎಕ್ಸ್‌ಟೆನ್ಷನ್ನುಗಳು ತಮ್ಮ ಮೊದಲ ನಮೂದಿಗೆ ‘ಎಂ-1’ ಎಂದೇ ಹೆಸರಿಟ್ಟರೆ ಒಂದು ಇನ್ನೊಂದನ್ನು ನುಂಗಿಹಾಕುತ್ತದೆ, ಮತ್ತು ಅದರ ಸುಳಿವೂ ಸಿಗುವುದಿಲ್ಲ. ಸಂಘದ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಹೆಸರಿಟ್ಟರೆ ಈ ತೊಡಕು ಬರುವುದಿಲ್ಲ. ಕಮಾಂಡಿನ ಮೌಲ್ಯವನ್ನು ಬರೆಯುವಾಗ ಚುಕ್ಕೆ, ‘ಯುನೊ’, ಕೋಲನ್ ಇರುವ ಪೂರ್ವಪದವನ್ನು ಬಿಟ್ಟು ಮುಂದಿನ ಹೆಸರನ್ನಷ್ಟೇ ಬರೆಯಬೇಕು. ಫ್ರೇಮ್ ಹೋಲಿಸಿ ನೋಡುವುದು ಪೂರ್ವಪದ ತೆಗೆದ ಹೆಸರನ್ನು. ಬೇರೆ ಬಗೆಯ ಪೂರ್ವಪದ ಇರುವ ಕೆಲವು ಕಮಾಂಡುಗಳಿವೆ. ಅವನ್ನು ಮಾತ್ರ ಪೂರ್ವಪದ ಸಹಿತವಾಗಿ ಇಡಿಯಾಗಿ ಬರೆಯಬೇಕಾಗುತ್ತದೆ. ಹೆಸರಿನಲ್ಲಿ ಪದಗಳ ನಡುವೆ ತೆರಪು ಇರಬಾರದು, ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರಗಳು ಇದ್ದದ್ದು ಇದ್ದ ಹಾಗೆಯೇ ಇರಬೇಕು. ಹುಬ್ಬಳ್ಳಿಯ ಒಂದು ಕಚೇರಿಗೆ ನಾನು ಇಂಥದೇ ಎಕ್ಸ್‌ಟೆನ್ಷನ್ ಮಾಡಿಕೊಟ್ಟಾಗ ‘ಪ್ರಿಂಟ್ ಡಿಫಾಲ್ಟ್’ ಎಂಬ ಹೆಸರಿನ ನಡುವಿನ ಅಕ್ಷರವನ್ನು ಸಣ್ಣದಾಗಿ ಬರೆದುಬಿಟ್ಟಿದ್ದೆ. ಮೆನುವಿನ ಪ್ರಿಂಟ್ ನಿಂತಿತ್ತು, ಟೂಲ್‌ಬಾರಿನ ನೇರ ಮುದ್ರಣದ ಗುಂಡಿ ಮಾತ್ರ ನಡೆಯುತ್ತಲೇ ಇತ್ತು. ಮೂರು ವಾರಗಳ ನಂತರ ಅಲ್ಲಿಯ ಸಿಬ್ಬಂದಿಯೊಬ್ಬರು ಹೇಳುವವರೆಗೆ ನನಗೆ ಅದು ತಿಳಿಯಲಿಲ್ಲ. ಅಂದಿನಿಂದ ಪ್ರತಿಯೊಂದು ನಮೂದನ್ನೂ ಒಂದೊಂದಾಗಿ ಒತ್ತಿ ನೋಡದೆ ನಾನು ಕೆಲಸ ಮುಗಿಯಿತು ಎನ್ನುವುದಿಲ್ಲ.

ಕಮಾಂಡಿನ ಸರಿಯಾದ ಹೆಸರನ್ನು ಪತ್ತೆಹಚ್ಚಲು, ನಾವು ಮಾಡಿದ ಕೆಲಸವನ್ನು ಮ್ಯಾಕ್ರೊ ಆಗಿ, ಅಂದರೆ ಮತ್ತೆ ಓಡಿಸಬಹುದಾದ ಸಣ್ಣ ಪ್ರೋಗ್ರಾಮ್ ಆಗಿ, ಬರೆದಿಡುವ ಮ್ಯಾಕ್ರೊ ರೆಕಾರ್ಡರ್ ಉತ್ತಮ ಸಾಧನ. ಆಯ್ಕೆಗಳ ಕಿಟಕಿಯ ‘ಅಡ್ವಾನ್ಸ್ಡ್’ ಪುಟದಲ್ಲಿ ಅದನ್ನು ಚಾಲೂ ಮಾಡಿ, ರೆಕಾರ್ಡ್ ಮಾಡುತ್ತ ಆ ಕೆಲಸವನ್ನು ಒಮ್ಮೆ ಮಾಡಿ ನಿಲ್ಲಿಸಿದರೆ, ದಾಖಲಾದ ಮ್ಯಾಕ್ರೊದಲ್ಲಿ ಹೆಸರು ಅಕ್ಷರಶಃ ಸಿಗುತ್ತದೆ. ನಿಮ್ಮಲ್ಲಿ ಯಾರಾದರೂ ಕನ್ನಡ ಮೆನು ಇಟ್ಟುಕೊಂಡಿದ್ದರೂ ಚಿಂತೆ ಇಲ್ಲ. ಮೆನುವಿನ ಭಾಷೆ ಯಾವುದಾದರೂ ಒಳಗಿನ ಹೆಸರು ಒಂದೇ.

ಇನ್ನು ಯಾವ ಯಾವ ಕಮಾಂಡುಗಳು ಎಂಬ ಮಾತು. ಒಂದು ಕೆಲಸಕ್ಕೆ ಒಂದೇ ಕಮಾಂಡ್ ಇರುತ್ತದೆ ಎಂದುಕೊಳ್ಳಬಾರದು. ಅದು ಬಹುಮಟ್ಟಿಗೆ ಒಂದು ಕುಟುಂಬ. ಮುದ್ರಣದಲ್ಲಿ ‘ಪ್ರಿಂಟ್’ ಇದೆ, ಕೇಳದೆ ನೇರವಾಗಿ ಮುದ್ರಿಸುವ ‘ಪ್ರಿಂಟ್ ಡಿಫಾಲ್ಟ್’ ಇದೆ. ಮುದ್ರಣ ನಿಲ್ಲಿಸಿ ಪಿಡಿಎಫ್ ಬಿಟ್ಟರೆ ಪ್ರಯೋಜನವಿಲ್ಲ, ಏಕೆಂದರೆ ಪಿಡಿಎಫ್ ಆದದ್ದು ಮೊಬೈಲಿಗೆ ಹೋಗಿ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕಾಗದವಾಗುತ್ತದೆ. ಆದ್ದರಿಂದ ‘ಎಕ್ಸ್‌ಪೋರ್ಟ್ ಟು’, ‘ಎಕ್ಸ್‌ಪೋರ್ಟ್ ಟು ಪಿಡಿಎಫ್’, ‘ಎಕ್ಸ್‌ಪೋರ್ಟ್ ಡೈರೆಕ್ಟ್ ಟು ಪಿಡಿಎಫ್’ ಈ ಮೂರನ್ನೂ ಸೇರಿಸಬೇಕು. ಇಮೇಲ್ ಮೂಲಕ ಕಳುಹಿಸುವ ‘ಸೆಂಡ್ ಮೇಲ್’ ಮತ್ತು ಅದರ ಪಕ್ಕದ ಸಾಲುಗಳೂ ಇದೇ ಗುಂಪಿನವು. ಬೇರೆ ಹೆಸರಿನಲ್ಲಿ ಉಳಿಸುವುದಕ್ಕೆ ‘ಸೇವ್ ಆ್ಯಸ್’ ಜೊತೆಗೆ, ಪ್ರತಿ ಉಳಿಸುವ ಸಾಲು, ದೂರದ ಸರ್ವರಿಗೆ ಉಳಿಸುವ ಸಾಲು, ಟೆಂಪ್ಲೇಟಾಗಿ ಉಳಿಸುವ ಸಾಲು ಇವನ್ನೂ ನೋಡಿಕೊಳ್ಳಬೇಕು. ಆಗಲೂ ಒಂದು ಸಂದು ಉಳಿಯುತ್ತದೆ. ಹೊಸ ಖಾಲಿ ಹಾಳೆ ತೆರೆದು, ಯಾದಿಯನ್ನು ಅದಕ್ಕೆ ಅಂಟಿಸಿ ಕಂಟ್ರೋಲ್-ಎಸ್ ಒತ್ತಿದರೆ, ಹೆಸರಿಲ್ಲದ ಫೈಲಿಗೆ ಹೆಸರು ಬೇಕೇ ಬೇಕಾದ್ದರಿಂದ ತಂತ್ರಾಂಶ ತಾನಾಗಿಯೇ ಸೇವ್ ಆ್ಯಸ್ ಕಿಟಕಿಯನ್ನು ತೆರೆಯುತ್ತದೆ. ಇದು ಒಳಗಿನ ನಡೆ. ಪಟ್ಟಿಯ ತಡೆ ಇದಕ್ಕೆ ತಾಗುವುದಿಲ್ಲ.

ಈ ಸಂದನ್ನು ಮುಚ್ಚಲು ‘ಕಾಪಿ’ಯನ್ನೂ ನಿರ್ಬಂಧಿಸೋಣವೇ ಎಂದು ಅನೇಕರು ಕೇಳುತ್ತಾರೆ. ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಲೆಕ್ಕದ ಕೆಲಸದಲ್ಲಿ ನಕಲಿಸಿ ಅಂಟಿಸುವುದು ಉಸಿರಿನಷ್ಟು ಸಹಜವಾದ ಕ್ರಿಯೆ. ಅದನ್ನು ನಿಲ್ಲಿಸಿದರೆ ಸಿಬ್ಬಂದಿ ಅಂಕಿಗಳನ್ನು ಕೈಯಿಂದ ಮತ್ತೆ ಬರೆಯತೊಡಗುತ್ತಾರೆ. ಖಾತೆ ಸಂಖ್ಯೆಯ ಒಂದು ಅಂಕಿ ಅದಲುಬದಲಾದರೆ ಖತಾವಣಿಯೇ ಕೆಡುತ್ತದೆ. ಅಷ್ಟಾಗಿಯೂ ನಕಲು ನಿಲ್ಲುವುದಿಲ್ಲ: ಮೌಸಿನಿಂದ ಎಳೆದು ಬಿಡುವ ದಾರಿ ಇದೆ, ಲಿನಕ್ಸ್ ಕಂಪ್ಯೂಟರಿನಲ್ಲಿ ಆಯ್ದ ಪಠ್ಯವನ್ನು ಮೌಸಿನ ನಡುಗುಂಡಿ ಒತ್ತಿ ಅಂಟಿಸುವ ದಾರಿಯೂ ಇದೆ.

ಎಕ್ಸ್‌ಟೆನ್ಷನ್ ಸಿದ್ಧವಾದ ಮೇಲೆ ಅದನ್ನು ಹಾಕುವ ರೀತಿಯೂ ಅಷ್ಟೇ ಮುಖ್ಯ. ಎಕ್ಸ್‌ಟೆನ್ಷನ್ ಮ್ಯಾನೇಜರ್ ಕಿಟಕಿಯಿಂದ ಸಾಮಾನ್ಯ ಬಳಕೆದಾರರಾಗಿ ಹಾಕಿದರೆ ಅದು ಆ ಒಬ್ಬರ ಪ್ರೊಫೈಲಿನಲ್ಲಿ (ಅವರ ಸ್ವಂತ ಸಂರಚನೆ ಇರುವ ಫೋಲ್ಡರಿನಲ್ಲಿ) ಕೂರುತ್ತದೆ, ಮತ್ತು ಅವರೇ ಅದೇ ಕಿಟಕಿಯಿಂದ ಅದನ್ನು ಕ್ಷಣದಲ್ಲಿ ತೆಗೆದುಹಾಕಬಹುದು. ಹಾಗೆ ಹಾಕಿದ ನಿರ್ಬಂಧ ಹೆಸರಿಗೆ ಮಾತ್ರ. ಅದರ ಬದಲು ಲಿಬ್ರೆಆಫೀಸ್‌ನ ಎಲ್ಲ ಕಿಟಕಿಗಳನ್ನೂ ಮುಚ್ಚಿ, ಆಡಳಿತಗಾರರ ಅಧಿಕಾರದಲ್ಲಿ ಕಮಾಂಡ್ ಲೈನ್ ತೆರೆದು, ತಂತ್ರಾಂಶದ ಜೊತೆಗೇ ಬರುವ ‘ಯುನೊಪಿಕೆಜಿ’ ಎಂಬ ಸಾಧನಕ್ಕೆ ‘ಆ್ಯಡ್’ ಮತ್ತು ‘ಶೇರ್ಡ್’ ಎಂಬ ಸೂಚನೆಗಳನ್ನು ಕೊಟ್ಟು ಹಾಕಬೇಕು. ಹೀಗೆ ಹಾಕಿದ್ದು ಆ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಅನ್ವಯಿಸುತ್ತದೆ, ಮತ್ತು ಸಾಮಾನ್ಯ ಬಳಕೆದಾರರು ಅದನ್ನು ತೆಗೆಯಲಾರರು. ಆದ್ದರಿಂದ ಸಿಬ್ಬಂದಿಯ ವಿಂಡೋಸ್ ಖಾತೆಗಳು ಆಡಳಿತಗಾರರ ಖಾತೆಗಳಾಗಿರಬಾರದು. ನಮ್ಮ ಕಡೆಯ ಸಣ್ಣ ಕಚೇರಿಗಳಲ್ಲಿ ಒಂದೇ ಆಡಳಿತಗಾರರ ಖಾತೆಯಲ್ಲಿ ಎಲ್ಲರೂ ಕೆಲಸ ಮಾಡುವುದನ್ನು ನಾನು ಪದೇ ಪದೇ ಕಂಡಿದ್ದೇನೆ. ಅದು ಹಾಗೆಯೇ ಇರುವವರೆಗೆ ಇಲ್ಲಿ ಹೇಳಿದ ಯಾವ ಕ್ರಮಕ್ಕೂ ಬೆಲೆ ಇಲ್ಲ.

ಸಂರಚನೆಯಲ್ಲಿ ಪದರಗಳಿರುತ್ತವೆ ಎಂಬುದನ್ನೂ ತಿಳಿದಿರಬೇಕು. ತಂತ್ರಾಂಶದ ಮೂಲ ಸಂರಚನೆ ಕೆಳಗೆ, ಎಲ್ಲರಿಗೂ ಹಾಕಿದ ಎಕ್ಸ್‌ಟೆನ್ಷನ್ನುಗಳು ಅದರ ಮೇಲೆ, ಬಳಕೆದಾರರ ಸ್ವಂತ ಬದಲಾವಣೆಗಳು ಎಲ್ಲಕ್ಕಿಂತ ಮೇಲೆ. ಮೇಲಿನ ಪದರ ಕೆಳಗಿನದನ್ನು ಮೀರಬಲ್ಲದು. ತಿಳಿದವರೊಬ್ಬರು ‘ಎಕ್ಸ್‌ಪರ್ಟ್ ಕಾನ್ಫಿಗರೇಷನ್’ ಕಿಟಕಿಯನ್ನು ತೆರೆದು ಪಟ್ಟಿಯ ‘ಪ್ರಿಂಟ್’ ಎಂಬ ಮೌಲ್ಯವನ್ನು ಬೇರೇನೋ ಮಾಡಿಬಿಟ್ಟರೆ ನಿರ್ಬಂಧ ಸದ್ದಿಲ್ಲದೆ ಸಡಿಲವಾಗುತ್ತದೆ. ಇದನ್ನು ತಡೆಯಲು ಎಕ್ಸ್‌ಸಿಯು ಫೈಲಿನ ನಮೂದುಗಳಿಗೆ ‘ಫೈನಲೈಸ್ಡ್’ ಎಂಬ ಗುಣವನ್ನು ‘ಟ್ರೂ’ ಎಂದು ಕೊಡಬೇಕು. ಆಗ ಮೇಲಿನ ಪದರದ ಬದಲಾವಣೆ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಮಾಡಿದ ಮೇಲೂ ಏನು ಉಳಿಯುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಪಟ್ಟಿಯ ತಡೆ ಇರುವುದು ವಿಚಾರಣೆಯ ಜಾಗದಲ್ಲಿ. ವಿಚಾರಣೆಯ ಗೊಡವೆಗೇ ಹೋಗದೆ ಕೆಲಸ ಮಾಡುವ ದಾರಿಗಳಿಗೆ ಅದು ಅಡ್ಡಬರುವುದಿಲ್ಲ. ಒಂದು ಮ್ಯಾಕ್ರೊ ಕಮಾಂಡಿನ ಹೆಸರನ್ನು ಕಳುಹಿಸುವ ಬದಲು ಫೈಲಿಗೇ ನೇರವಾಗಿ ‘ಮುದ್ರಿಸು’ ಎಂದೋ ‘ಈ ವಿಳಾಸದಲ್ಲಿ ಉಳಿಸು’ ಎಂದೋ ಹೇಳಬಲ್ಲದು. ಆಗ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಮ್ಯಾಕ್ರೊ ಭದ್ರತೆಯ ಮಟ್ಟವನ್ನು ಅತಿ ಹೆಚ್ಚಿನ ಹಂತಕ್ಕೆ ಏರಿಸಿ ಅದನ್ನೂ ಇದೇ ಎಕ್ಸ್‌ಟೆನ್ಷನ್ನಿನಲ್ಲಿ ಅಂತಿಮಗೊಳಿಸಿಡಿ. ಆ ಹಂತದಲ್ಲಿ, ಫೈಲುಗಳೊಳಗೆ ಇಟ್ಟ ಮ್ಯಾಕ್ರೊಗಳ ಪೈಕಿ, ನಂಬಿಕೆಯ ಜಾಗ ಎಂದು ನೀವು ಗುರುತಿಸಿದ ಫೋಲ್ಡರಿನ ಫೈಲುಗಳವು ಮಾತ್ರ ಓಡುತ್ತವೆ. ಕಿಟಕಿಯನ್ನೇ ತೆರೆಯದೆ ಕಮಾಂಡ್ ಲೈನ್‌ನಿಂದ ಫೈಲನ್ನು ಪಿಡಿಎಫ್ ಮಾಡುವ, ಮುದ್ರಣಕ್ಕೆ ಕಳುಹಿಸುವ ಸೌಲಭ್ಯವೂ ಲಿಬ್ರೆಆಫೀಸ್‌ನಲ್ಲಿದೆ. ಪಟ್ಟಿ ಅದನ್ನು ತಡೆಯುತ್ತದೆಂದು ನಂಬಬೇಡಿ. ಪೆನ್‌ಡ್ರೈವಿನಿಂದಲೇ ಓಡುವ ಲಿಬ್ರೆಆಫೀಸ್ ಪ್ರತಿಯಲ್ಲಿ ನಿಮ್ಮ ಎಕ್ಸ್‌ಟೆನ್ಷನ್ ಇರುವುದೇ ಇಲ್ಲ. 2017ರ ಆವೃತ್ತಿ 5.3ರಿಂದ ಇರುವ ‘ಸೇಫ್ ಮೋಡ್’ ತಾತ್ಕಾಲಿಕ ಹೊಸ ಪ್ರೊಫೈಲಿನೊಂದಿಗೆ ತೆರೆದುಕೊಳ್ಳುವುದರಿಂದ, ಒಬ್ಬರ ಪ್ರೊಫೈಲಿನಲ್ಲಷ್ಟೇ ಹಾಕಿದ ಎಕ್ಸ್‌ಟೆನ್ಷನ್ ಅಲ್ಲಿಯೂ ಇರುವುದಿಲ್ಲ. ಇದೆಲ್ಲ ಬೇಡವೆಂದರೆ ಫೈಲನ್ನೇ ನಕಲು ಮಾಡಿಕೊಂಡು ಹೋಗಬಹುದು, ಪರದೆಯ ಫೋಟೊ ತೆಗೆದುಕೊಳ್ಳಬಹುದು. ಈ ಕಾರಣದಿಂದಲೇ ಎರಡನೆಯ ತೊಂದರೆಗೆ ಇದು ಮದ್ದಲ್ಲ ಎಂದು ಆರಂಭದಲ್ಲೇ ಹೇಳಿದೆ.

ವ್ಯವಸ್ಥಾಪಕರಿಗೆ ಮತ್ತು ಕಾರ್ಯದರ್ಶಿಗೆ ಮುದ್ರಣ ಬಿಟ್ಟುಕೊಡುವ ಪ್ರಶ್ನೆಗೆ ಬರೋಣ. ಮೇಲಿನ ಪಟ್ಟಿಗೆ ವ್ಯಕ್ತಿಭೇದ ತಿಳಿಯದು. ಕಂಪ್ಯೂಟರಿಗೆ ಹಾಕಿದರೆ ಅಲ್ಲಿ ಕೂತ ಎಲ್ಲರಿಗೂ ಅದು ಒಂದೇ. ವ್ಯಕ್ತಿಯನ್ನು ನೋಡಿ ನಿರ್ಧರಿಸಬೇಕಾದರೆ ‘ಡಿಸ್ಪ್ಯಾಚ್ ಇಂಟರ್ಸೆಪ್ಟರ್’ ಎಂಬ ಎರಡನೆಯ ಉಪಾಯ ಇದೆ. ಇದಕ್ಕೆ ಪೈಥಾನ್ ಅಥವಾ ಜಾವಾದಲ್ಲಿ ನಿಜವಾಗಿಯೂ ಪ್ರೋಗ್ರಾಮ್ ಬರೆಯಬೇಕು. ಆ ಪ್ರೋಗ್ರಾಮ್ ಫ್ರೇಮಿನ ಬಳಿ ತನ್ನ ಹೆಸರನ್ನು ನೋಂದಾಯಿಸಿಕೊಂಡು, ಬರುವ ಪ್ರತಿಯೊಂದು ವಿಚಾರಣೆಯನ್ನೂ ತಾನು ಮೊದಲು ನೋಡುತ್ತದೆ. ತನಗೆ ಸಂಬಂಧಿಸದ್ದನ್ನು ಸರಪಳಿಯ ಮುಂದಿನವರಿಗೆ ದಾಟಿಸುತ್ತದೆ, ಸಂಬಂಧಿಸಿದ್ದನ್ನು ತಡೆಯುತ್ತದೆ ಅಥವಾ ತಾನೇ ನಿರ್ವಹಿಸುತ್ತದೆ. ಒಳಬಂದವರು ಯಾವ ಗುಂಪಿನ ಬಳಕೆದಾರರು, ತೆರೆದಿರುವುದು ಯಾವ ಫೋಲ್ಡರಿನ ಫೈಲು ಎಂಬುದನ್ನೆಲ್ಲ ನೋಡಿ ಅದು ತೀರ್ಮಾನ ಮಾಡಬಹುದು. ಹೀಗಾಗಿ ಸದಸ್ಯರ ಯಾದಿ ಇರುವ ಫೋಲ್ಡರಿನ ಫೈಲಿಗೆ ಮಾತ್ರ ಮುದ್ರಣ ತಡೆದು, ಉಳಿದ ಪತ್ರವ್ಯವಹಾರಕ್ಕೆ ಬಿಡಬಹುದು. ಇದರ ಇನ್ನೊಂದು ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ: ಸುಮ್ಮನೆ ತಡೆಯುವ ಬದಲು ‘ಈ ಯಾದಿಯ ಮುದ್ರಣಕ್ಕೆ ವ್ಯವಸ್ಥಾಪಕರನ್ನು ಕೇಳಿರಿ’ ಎಂದು ಕನ್ನಡದಲ್ಲೇ ಕಾರಣ ತೋರಿಸಬಹುದು. ಕಾರಣ ಹೇಳದೆ ಸತ್ತಂತೆ ಬಿದ್ದಿರುವ ಗುಂಡಿಯನ್ನು ಕಂಡವರು ಕಂಪ್ಯೂಟರ್ ಕೆಟ್ಟಿದೆಯೆಂದು ತಿಳಿದು ದುರಸ್ತಿಯವರನ್ನು ಕರೆಸುತ್ತಾರೆ, ಇಲ್ಲವೆ ತಮ್ಮನ್ನು ಕಳ್ಳರಂತೆ ಕಂಡರೆಂದು ನೊಂದುಕೊಳ್ಳುತ್ತಾರೆ. ವರ್ಷಗಟ್ಟಲೆ ಪ್ರಾಮಾಣಿಕವಾಗಿ ದುಡಿದವರನ್ನು ಹಾಗೆ ನೋಯಿಸುವುದು ಸಲ್ಲದು.

ಆದರೆ ಇಂಟರ್ಸೆಪ್ಟರಿಗೆ ಕೆಲವು ಮಿತಿಗಳಿವೆ. ಫ್ರೇಮ್ ಮೊದಲು ಡಿಸೇಬಲ್ಡ್ ಪಟ್ಟಿಯನ್ನು ನೋಡಿ, ಅಲ್ಲಿ ಹೆಸರಿಲ್ಲದಿದ್ದರೆ ಮಾತ್ರ ವಿಚಾರಣೆಯನ್ನು ಇಂಟರ್ಸೆಪ್ಟರಿಗೆ ಕೊಡುತ್ತದೆ. ಆದ್ದರಿಂದ ‘ಪಟ್ಟಿಯಲ್ಲಿ ಎಲ್ಲರಿಗೂ ತಡೆದು, ಇಂಟರ್ಸೆಪ್ಟರಿನಲ್ಲಿ ಇಬ್ಬರಿಗೆ ಬಿಡೋಣ’ ಎಂಬ ಯೋಜನೆ ನಡೆಯುವುದಿಲ್ಲ. ಒಂದು ಕಮಾಂಡಿಗೆ ಎರಡರಲ್ಲಿ ಒಂದೇ ಉಪಾಯ. ಪ್ರತಿ ಕಿಟಕಿಗೂ ಬೇರೆ ಫ್ರೇಮ್ ಇರುವುದರಿಂದ ಹೊಸ ಫೈಲು ತೆರೆದಾಗಲೆಲ್ಲ ನೋಂದಣಿ ಮತ್ತೆ ಆಗಬೇಕು. ಇದಕ್ಕಾಗಿ ಹೊಸ ಕಿಟಕಿ ತೆರೆದ ಘಟನೆಗೆ ಓಗೊಡುವ ‘ಜಾಬ್’ ಒಂದನ್ನು ಎಕ್ಸ್‌ಟೆನ್ಷನ್ನಿನಲ್ಲಿ ಸೇರಿಸಬೇಕು. ಟೂಲ್‌ಬಾರಿನ ಪ್ರತಿ ಗುಂಡಿಯೂ ಇದೇ ದಾರಿಯಲ್ಲಿ ವಿಚಾರಿಸುವುದರಿಂದ, ಒಳಗೆ ನಿಧಾನದ ಕೆಲಸವೇನಾದರೂ ಇಟ್ಟರೆ ಇಡೀ ತಂತ್ರಾಂಶ ಮಂದವಾಗುತ್ತದೆ. ಪ್ರೋಗ್ರಾಮಿನಲ್ಲಿ ದೋಷವಿದ್ದು ಅದು ಓಡದೇ ಹೋದರೆ ನಿರ್ಬಂಧವೂ ಇರುವುದಿಲ್ಲ.

ನಿಮ್ಮ ಸಂಘದಲ್ಲಿ ಎಂಟೇ ಕಂಪ್ಯೂಟರುಗಳಿರುವಾಗ ಇಂಟರ್ಸೆಪ್ಟರ್ ಬರೆಸುವ ಖರ್ಚು ಬೇಡ ಎನ್ನುತ್ತೇನೆ. ಮುದ್ರಣದ ಹಕ್ಕನ್ನು ಮುದ್ರಕದ ಬಳಿಯೇ ನಿರ್ಧರಿಸಿರಿ. ವಿಂಡೋಸ್‌ನಲ್ಲಿ ಮುದ್ರಕದ ಪ್ರಾಪರ್ಟೀಸ್ ಕಿಟಕಿಯ ‘ಸೆಕ್ಯುರಿಟಿ’ ಪುಟದಲ್ಲಿ ಎಲ್ಲರಿಗೂ ಇರುವ ಮುದ್ರಣದ ಅನುಮತಿಯನ್ನು ತೆಗೆದು, ಇಬ್ಬರ ಖಾತೆಗಳಿಗೆ ಮಾತ್ರ ಕೊಡಬಹುದು. ಉಬುಂಟು ಮುಂತಾದ ಲಿನಕ್ಸ್‌ನಲ್ಲಿ ‘ಕಪ್ಸ್’ ಎಂಬ ಮುದ್ರಣ ವ್ಯವಸ್ಥೆಯಲ್ಲಿ ಯಾವ ಬಳಕೆದಾರರಿಗೆ ಅನುಮತಿ ಎಂದು ನೇರವಾಗಿ ಹೇಳಬಹುದು. ಈ ತಡೆ ಲಿಬ್ರೆಆಫೀಸ್‌ಗೆ ಮಾತ್ರವಲ್ಲ, ಮ್ಯಾಕ್ರೊ, ಕಮಾಂಡ್ ಲೈನ್, ಬ್ರೌಸರ್ ಎಲ್ಲಕ್ಕೂ ಅನ್ವಯಿಸುತ್ತದೆ. ಯಾದಿಯ ಫೈಲುಗಳು ಇರುವ ಫೋಲ್ಡರಿಗೂ ಇದೇ ರೀತಿ ಯಾರು ಓದಬೇಕು, ಯಾರು ಬರೆಯಬೇಕು ಎಂಬ ಅನುಮತಿಯನ್ನು ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಕೊಡಿ. ಸದಸ್ಯರ ಆಧಾರ್ ಸಂಖ್ಯೆ, ಮೊಬೈಲ್ ಸಂಖ್ಯೆ, ಸಾಲದ ವಿವರಗಳು ಸಂಘದ ಸ್ವತ್ತಲ್ಲ, ಸದಸ್ಯರು ನಂಬಿ ಒಪ್ಪಿಸಿದ ವಿವರಗಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಇಂಥ ವಿವರಗಳನ್ನು ಇಟ್ಟುಕೊಂಡವರು ತಕ್ಕ ರಕ್ಷಣಾ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ನಿಮ್ಮ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗಲೂ ಅದು ನಿಂತದ್ದು ಹಳ್ಳಿಯವರ ಇಂಥ ನಂಬಿಕೆಯ ಮೇಲೆಯೇ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಹಾಳೆಯೊಳಗೆ ಯಾರೋ ಸಾಲು ಅಳಿಸಿದರು, ಸೂತ್ರ ಕೆಡಿಸಿದರು ಎಂಬ ದೂರು ಇದ್ದರೆ ಅದಕ್ಕೆ ಕಮಾಂಡ್ ನಿರ್ಬಂಧ ಬಳಸಬೇಡಿ. ಸಾಲು ಅಳಿಸುವ ಕಮಾಂಡನ್ನು ತಡೆದರೆ ಎಲ್ಲ ಫೈಲುಗಳಲ್ಲೂ ಅದು ನಿಲ್ಲುತ್ತದೆ, ಬಾಕಿ ಪಟ್ಟಿಗಷ್ಟೇ ಅಲ್ಲ. ಕ್ಯಾಲ್ಕ್‌ನ ‘ಪ್ರೊಟೆಕ್ಟ್ ಶೀಟ್’ ಸೌಲಭ್ಯದಲ್ಲಿ ತುಂಬಬೇಕಾದ ಕೋಶಗಳನ್ನು ಬಿಟ್ಟು ಉಳಿದವನ್ನು ಕಾಯ್ದಿಡಬಹುದು, ಸಾಲು ಸೇರಿಸಲು ಅಥವಾ ಅಳಿಸಲು ಅನುಮತಿ ಕೊಡಬೇಕೇ ಎಂಬುದನ್ನೂ ಅಲ್ಲಿಯೇ ಆರಿಸಬಹುದು.

ವ್ಯವಸ್ಥಾಪಕರ ಕಂಪ್ಯೂಟರಿನ ಮೈಕ್ರೊಸಾಫ್ಟ್ ಆಫೀಸ್‌ಗೆ ಈ ಎಕ್ಸ್‌ಟೆನ್ಷನ್ ಹೊಂದುವುದಿಲ್ಲ. ಅಲ್ಲಿ 2007ರ ಆವೃತ್ತಿಯಿಂದ ಬಂದ, ಕಿಟಕಿಯ ಮೇಲಿನ ಗುಂಡಿಗಳ ಪಟ್ಟಿಯಾದ ರಿಬ್ಬನ್‌ಗೆ ಸೇರಿದ ಸಂರಚನಾ ಭಾಗವೊಂದನ್ನು ಆ್ಯಡ್-ಇನ್ ಫೈಲಿನಲ್ಲಿಟ್ಟು, ಕಮಾಂಡಿನ ಗುರುತನ್ನು ಹೇಳಿ ನಿಷ್ಕ್ರಿಯಗೊಳಿಸುವ ಕ್ರಮವಿದೆ. ದೊಡ್ಡ ಕಚೇರಿಗಳಲ್ಲಿ, ಎಲ್ಲ ಕಂಪ್ಯೂಟರುಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ಗ್ರೂಪ್ ಪಾಲಿಸಿಯಿಂದ ಅದನ್ನೇ ಮಾಡುತ್ತಾರೆ. ಮುದ್ರಣದ ಹಕ್ಕು ಇರುವವರ ಕಂಪ್ಯೂಟರೇ ಅದಾದ್ದರಿಂದ ನಿಮಗೆ ಅದರ ಅಗತ್ಯ ಬೀಳುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಹಾ‌ವೇರಿ ಜಿಲ್ಲೆಯ ಒಂದು ಕಚೇರಿಯಲ್ಲಿ ನಾನು ಗಟ್ಟಿ ಮಾಡುವ ಉತ್ಸಾಹದಲ್ಲಿ ಆಯ್ಕೆಗಳ ಕಿಟಕಿ, ಕಸ್ಟಮೈಸ್ ಕಿಟಕಿ, ಎಕ್ಸ್‌ಟೆನ್ಷನ್ ಮ್ಯಾನೇಜರ್ ಮೂರನ್ನೂ ಒಂದೇ ಬಾರಿಗೆ ಎಲ್ಲ ಕಂಪ್ಯೂಟರುಗಳಲ್ಲಿ ತಡೆದೆ. ಮರುದಿನ ಅಲ್ಲಿ ಆಯ್ಕೆಗಳಲ್ಲಿ ಒಂದನ್ನು ಬದಲಿಸಬೇಕಾಗಿ, ಆ ಕಿಟಕಿಯೇ ತೆರೆಯದೆ, ನಾನು ಧಾರವಾಡದಿಂದ ಅಲ್ಲಿಗೆ ಹೋಗಿ ಬಿಡಿಸುವವರೆಗೆ ಅರ್ಧ ದಿನದ ಕೆಲಸ ನಿಂತಿತು. ಬಿಡಿಸುವ ದಾರಿ ಸುಲಭವೇ ಇತ್ತು: ಆಡಳಿತಗಾರರ ಅಧಿಕಾರದಲ್ಲಿ ಅದೇ ಯುನೊಪಿಕೆಜಿಗೆ ‘ರಿಮೂವ್’, ‘ಶೇರ್ಡ್’ ಮತ್ತು ಎಕ್ಸ್‌ಟೆನ್ಷನ್ನಿನ ಗುರುತನ್ನು ಕೊಟ್ಟರೆ ಆಯಿತು. ಆದರೆ ಆ ಗುರುತನ್ನು ಅಲ್ಲಿಯವರಿಗೆ ನಾನು ಬರೆದುಕೊಟ್ಟಿರಲಿಲ್ಲ. ಆದ್ದರಿಂದ ನೀವು ಮೊದಲ ವಾರ ಒಂದೇ ಕಂಪ್ಯೂಟರಿನಲ್ಲಿ, ಸೇವ್ ಆ್ಯಸ್ ಮತ್ತು ಅದರ ಕುಟುಂಬದ ಕಮಾಂಡುಗಳನ್ನು ಮಾತ್ರ ತಡೆದು ನೋಡಿರಿ. ಸಿಬ್ಬಂದಿ ಯಾವ ನ್ಯಾಯವಾದ ಕೆಲಸಕ್ಕೆ ಅದನ್ನು ಬಳಸುತ್ತಿದ್ದರು ಎಂಬುದು ಆ ವಾರದಲ್ಲಿ ತಾನಾಗಿಯೇ ತಿಳಿಯುತ್ತದೆ. ತಿಂಗಳ ಕೊನೆಯ ಪ್ರತಿ ಬೇಕೆಂದರೆ ಅದನ್ನು ಯಾರು, ಯಾವ ಫೋಲ್ಡರಿನಲ್ಲಿ ಮಾಡಬೇಕೆಂದು ಆಗಲೇ ಗೊತ್ತುಮಾಡಿಕೊಳ್ಳಿ. ಉಳಿದ ಆರಕ್ಕೆ ಹಾಕುವ ಮುನ್ನ, ಎಕ್ಸ್‌ಟೆನ್ಷನ್ನಿನ ಗುರುತು, ಆವೃತ್ತಿ ಸಂಖ್ಯೆ, ತಡೆದ ಕಮಾಂಡುಗಳ ಪೂರ್ಣ ಯಾದಿ ಮತ್ತು ತೆಗೆಯುವ ವಿಧಾನ ಇವನ್ನು ಒಂದು ಹಾಳೆಯಲ್ಲಿ ಬರೆದು, ಕಾರ್ಯದರ್ಶಿಯ ಸಹಿ ಮಾಡಿಸಿ, ಸಂಘದ ದಪ್ತರದಲ್ಲಿ ಇಡಿ.